ನನ್ನ ಮೊಣಕೈಯ ಎತ್ತರದ ಕಟ್ಟೆ

ಕಾಪುವಿನಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಪೇಟೆ ಇದೆ. ಹೆಸರು ಬರೆಯುವುದಿಲ್ಲ. ಅಲ್ಲಿಯ ಹೊಸ ಮೀನು ಮಾರುಕಟ್ಟೆಗೆ ಹೋದರೆ, ಮೀನು ಇಡುವ ಕಟ್ಟೆ ಯಾಕೋ ಎತ್ತರವಾಯಿತು ಎಂದು ನಿಮಗೆ ಅನಿಸಬಹುದು. ಅನಿಸದಿದ್ದರೆ ನೀವು ನನ್ನಷ್ಟೇ ಎತ್ತರದವರು ಎಂದು ತಿಳಿಯಬೇಕು. ಆ ಕಟ್ಟೆಯನ್ನು ಕಟ್ಟಿದ್ದು ನನ್ನ ಮೊಣಕೈಯ ಅಳತೆಗೆ. ಮಣಿಪಾಲದ ಒಂದು ತಂಪು ಕೋಣೆಯಲ್ಲಿ ನನ್ನನ್ನು ಗೋಡೆಗೆ ತಾಗಿ ನಿಲ್ಲಿಸಿ, ಟೇಪು ಹಿಡಿದು, ಪಾದದಿಂದ ಮೊಣಕೈಯವರೆಗೆ ಎರಡು ಸಲ ಅಳೆದು ಬರೆದುಕೊಂಡರು. ಎರಡನೇ ಸಲ ಚಪ್ಪಲಿ ಬಿಚ್ಚಿಸಿದ್ದರು.

ನಾನು ಮೀನು ಮಾರುವವನಲ್ಲ, ಕಾರು ಬಿಡುವವನು. ಮೀನು ಮಾರುವವಳು ನನ್ನ ಅಕ್ಕ. ಅವಳನ್ನು ಯಾರೂ ಅಳೆಯಲಿಲ್ಲ. ಅಂಥ ಒಬ್ಬಳು ಇದ್ದಾಳೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ, ಮತ್ತು ನಾನು ಬಾಯಿ ಬಿಡಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಈಗ ಬರೆಯಲು ಕುಳಿತಿರುವುದು ಇದನ್ನು ಹೇಳಲಿಕ್ಕೆ.

ನಾನು ಕಾರು ಬಿಡುವುದು ಮಣಿಪಾಲದ ಒಬ್ಬ ಶ್ರೀಮಂತರಿಗೆ. ಅವರ ತಂದೆಗೆ ಮುಂಬಯಿಯಲ್ಲಿ ಹೋಟೆಲುಗಳಿದ್ದವು. ಇವರು ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯೇ. ಐವತ್ತು ದಾಟಿದ ಮೇಲೆ ಊರಿಗೆ ಬಂದು ದೊಡ್ಡ ಮನೆ ಕಟ್ಟಿಸಿದರು. ಆಮೇಲೆ ಸಣ್ಣ ಪೇಟೆಗಳ ಮಾರುಕಟ್ಟೆಗಳನ್ನು ಸುಧಾರಿಸುವ ಒಂದು ಸಮಿತಿಗೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಕಾರಿನ ಮುಂದೆ ಬೋರ್ಡು ಬಂತು. ಅಂದಿನಿಂದ ಎಲ್ಲರಿಗೂ ಅವರು ಅಧ್ಯಕ್ಷರು, ನನಗೂ. ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಓದಿದರೆ ತಪ್ಪೆಲ್ಲ ಅವರದೇ ಎಂದು ಕಾಣುತ್ತದೆ.

ಅಧ್ಯಕ್ಷರಾದ ಸುರುವಿಗೇ ಪೇಪರಿನಲ್ಲಿ ಯಾರೋ ಓದುಗರು ಅವರ ಮೇಲೆ ಬರೆದಿದ್ದರು: ಎಸಿ ಕಾರಿನಲ್ಲಿ ತಿರುಗುವವರಿಗೆ ಮೀನು ಮಾರುಕಟ್ಟೆಯ ಕಷ್ಟ ಏನು ಗೊತ್ತು? ಅದರಿಂದ ಅವರಿಗೆ ಬಹಳ ನೋವಾಯಿತು. ಆ ಕಾಗದದ ತುಂಡನ್ನು ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಂಡರು. ಮರುದಿನ ಕಾರು ಹತ್ತಿದವರೇ, "ಎಸಿ ಬಂದ್ ಮಾಡು" ಎಂದರು. ಬಂದ್ ಮಾಡಿದೆ. ಕಿಟಕಿ ಇಳಿಸಲು ಹೋದರೆ, "ಬೇಡ, ಧೂಳು ನನಗೆ ಆಗುವುದಿಲ್ಲ" ಎಂದರು. ಏಪ್ರಿಲ್ ತಿಂಗಳ ಮಧ್ಯಾಹ್ನ. ಮಣಿಪಾಲದಿಂದ ಉಡುಪಿಗೆ ಇಳಿಯುವಷ್ಟರಲ್ಲಿ ನಮ್ಮಿಬ್ಬರ ಅಂಗಿಗಳೂ ಬೆನ್ನಿಗೆ ಅಂಟಿದ್ದವು. ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ, "ಈಗ ಸ್ವಲ್ಪ ಸ್ವಲ್ಪ ಅರ್ಥ ಆಗ್ತಾ ಉಂಟು" ಎಂದರು. ಯಾವ ಬಡವನೂ ಎಲ್ಲ ಗಾಜು ಏರಿಸಿ ಕುಳಿತುಕೊಳ್ಳುವುದಿಲ್ಲ ಎಂದು ನಾನು ಹೇಳಲಿಲ್ಲ.

ಇನ್ನೊಂದು ದಿನ ಉಡುಪಿಯಿಂದ ಕಾಪುವಿನ ಕಡೆಯ ಬಸ್ಸಿನಲ್ಲಿ ಸುಮ್ಮನೆ ಹೋಗಿ ನೋಡುತ್ತೇನೆಂದು ಹೊರಟರು. "ನೀನು ಕಾರು ತೆಗೆದುಕೊಂಡು ಹಿಂದೆ ಬಾ" ಎಂದರು. ಅವರು ಬಸ್ಸಿನ ಹಿಂದಿನ ಸೀಟಿನಲ್ಲಿ, ನಾನು ಖಾಲಿ ಕಾರಿನಲ್ಲಿ, ಬಸ್ಸಿಗೆ ತಾಗಿಕೊಂಡ ಹಾಗೆ. ಎರಡನೇ ಸ್ಟಾಪಿನಲ್ಲಿಯೇ ಅವರು ಇಳಿದು ಬಂದು ಕಾರು ಹತ್ತಿದರು. ಮುಖ ಸಣ್ಣದಾಗಿತ್ತು.

"ಎಂತ ಆಯ್ತು ಸರ್?"

"ಕಂಡಕ್ಟರ್ ಎಲ್ಲಿಗೆ ಅಂತ ಕೇಳಿದ. ಎಲ್ಲಿಗೂ ಅಲ್ಲ, ಸುಮ್ಮನೆ ಬಂದದ್ದು ಅಂತ ಹೇಳಿದೆ. ಸುಮ್ಮನೆಗೆ ಟಿಕೆಟ್ ಇಲ್ಲ ಮಾರಾಯ್ರೆ, ಇಳಿಯಿರಿ ಅಂದ."

ಆ ದಿನವೇ ಅವರು ಒಂದು ತೀರ್ಮಾನಕ್ಕೆ ಬಂದರು. ಬಡವರಂತೆ ಬದುಕಿ ನೋಡುವುದು ತಮ್ಮಿಂದ ಆಗುವ ಕೆಲಸವಲ್ಲ, ಆದರೆ ಕೇಳಿ ತಿಳಿಯಬಹುದು. ಕೇಳಲಿಕ್ಕೆ ದೂರ ಹೋಗಬೇಕಾಗಿಲ್ಲ. ಸ್ಟಿಯರಿಂಗ್ ಹಿಡಿದವನೇ ಸಾಮಾನ್ಯ ಜನ.

ಹೀಗೆ ನಾನು ಸಾಮಾನ್ಯ ಜನ ಆದೆ. ಒಬ್ಬನೇ ಆದರೂ ಜನ. ಊಟದ ಮೇಜಿನಲ್ಲಿ ಅತಿಥಿಗಳ ನಡುವೆ ಮಾತು ಬೆಳೆದರೆ ನನ್ನನ್ನು ಒಳಗೆ ಕರೆಸುತ್ತಿದ್ದರು. "ಇವನನ್ನು ಕೇಳಿ. ಇವನು ಸಾಮಾನ್ಯ ಜನ. ಹೇಳು ಮಾರಾಯ, ಬೆಳಗ್ಗೆ ನಿಮ್ಮವರು ಎಂತ ತಿನ್ನುವುದು?" ನಾನು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಎನ್ನುತ್ತಿದ್ದೆ. ಅತಿಥಿಗಳು ತಲೆಯಾಡಿಸುತ್ತಿದ್ದರು. ನಿಜವೆಂದರೆ ಅವರ ಮನೆಯ ಹಿಂದಿನ ಕೋಣೆಯಲ್ಲಿ ನಾನು ವಾಸಕ್ಕೆ ಬಂದು ಎಂಟು ವರ್ಷವಾಗಿತ್ತು. ಅವರ ಅಡಿಗೆಯವನು ಕೊಡುವ ಬೆಣ್ಣೆ ಹಾಕಿದ ದೋಸೆ ತಿಂದು ನನಗೂ ಹೊಟ್ಟೆ ಬಂದಿತ್ತು. ಬಸ್ಸು ಹತ್ತಿ ಎಷ್ಟೋ ಕಾಲವಾಗಿತ್ತು. ಟೊಮೆಟೊಗೆ ಎಷ್ಟು ಎಂದು ಅವರು ಕೇಳಿದರೆ ನಾನು ಗ್ಯಾಸ್ ತರುವವನನ್ನು ಗೇಟಿನ ಹತ್ತಿರ ನಿಲ್ಲಿಸಿ ಕೇಳಿಕೊಂಡು ಬಂದು ಹೇಳುತ್ತಿದ್ದೆ. ಅವನು ಒಮ್ಮೆ, "ನಿಮ್ಮ ಸಾಹೇಬರಿಗೆ ನನ್ನನ್ನೇ ಇಟ್ಟುಕೊಳ್ಳಲಿಕ್ಕೆ ಹೇಳಿ, ನೀವು ಸಿಲಿಂಡರ್ ಹೊರಿ" ಎಂದು ನಕ್ಕಿದ್ದ.

ಇನ್ನು ಅಕ್ಕನ ವಿಷಯ. ನಮ್ಮ ಮನೆ ಎರ್ಮಾಳಿನಲ್ಲಿ. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅಮ್ಮನ ಮೀನಿನ ಬುಟ್ಟಿಯನ್ನು ಮಾರನೇ ವಾರವೇ ಅವಳು ತಲೆಗೆ ಏರಿಸಿಕೊಂಡಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಅವಳ ಬಡತನದಿಂದಲ್ಲ. ಶಾಲೆಯಲ್ಲಿ ಹುಡುಗರು ಮೂಗು ಮುಚ್ಚುತ್ತಾರೆ ಎಂದು ನಾನೇ ಬಿಟ್ಟೆ. ನನ್ನ ಅಂಗಿಯನ್ನು ಅವಳು ಎರಡೆರಡು ಸಲ ಒಗೆಯುತ್ತಿದ್ದಳು. ಆದರೂ ಬಿಟ್ಟೆ. ಅವಳು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಡ್ರೈವಿಂಗ್ ಕಲಿಯಲು ಕಳುಹಿಸಿದಳು.

ಅವಳು ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡುಕೊಂಡು ಬಸ್ಸಿನಲ್ಲಿ ಆ ಪೇಟೆಗೆ ಹೋಗಿ ಟಾರ್ಪಾಲಿನ ಕೆಳಗೆ ನೆಲದ ಮೇಲೆ ಕುಳಿತು ಮಾರುತ್ತಿದ್ದಳು. ಹದಿನಾರು ಮಂದಿ ಹೆಂಗಸರು, ಒಂದೇ ಸಾಲು. ಗಿರಾಕಿ ಕೇಳಿದರೆ ಮೆಟ್ಟುಕತ್ತಿಯಲ್ಲಿ ಕೊಯ್ದೂ ಕೊಡಬೇಕು. ಮೆಟ್ಟುಕತ್ತಿ ಎಂದರೆ ಹಲಗೆಗೆ ನೆಟ್ಟಗೆ ಕೂರಿಸಿದ ಬಾಗಿದ ಕತ್ತಿ. ಹಲಗೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ಎರಡೂ ಕೈಯಲ್ಲಿ ಮೀನನ್ನು ಕತ್ತಿಗೆ ಒತ್ತುವುದು. ಅಕ್ಕನ ಕೈಯಲ್ಲಿ ಬಂಗುಡೆ ಮೂರು ಸಲ ಹೊರಳುವಷ್ಟರಲ್ಲಿ ಸ್ವಚ್ಛವಾಗುತ್ತಿತ್ತು. ಅವಳ ಬಲ ಮೊಣಕಾಲಿನಲ್ಲಿ ನೀರು ತುಂಬುವ ತೊಂದರೆ ಇದೆ. ಕುಳಿತರೆ ಏನೂ ಇಲ್ಲ. ಹತ್ತು ನಿಮಿಷ ನಿಂತರೆ ಊದುತ್ತದೆ.

ಕೆಲಸಕ್ಕೆ ಸೇರುವ ದಿನ ಅಧ್ಯಕ್ಷರ ಹೆಂಡತಿ, "ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳಿದ್ದರು. ಅಕ್ಕ ಎಂದೆ. ಅಕ್ಕ ಏನು ಮಾಡುತ್ತಾರೆ ಎಂದರು. ಆ ಮನೆಯ ನೆಲ ಕನ್ನಡಿಯ ಹಾಗಿತ್ತು, ಅಗರಬತ್ತಿಯ ವಾಸನೆ ಇತ್ತು. ನನ್ನ ಬಾಯಿಯಿಂದ "ಟೈಲರಿಂಗ್" ಎಂದು ಬಂತು. ಮರುವಾರ ಅಮ್ಮನವರು ಎರಡು ರವಿಕೆ ಬಟ್ಟೆ ನನ್ನ ಕೈಯಲ್ಲಿಟ್ಟು, "ನಿನ್ನ ಅಕ್ಕನೇ ಹೊಲಿಯಲಿ, ಬಡವರಿಗೆ ಕೆಲಸ ಕೊಡಬೇಕು" ಎಂದರು. ನಾನು ಉಡುಪಿಯ ಬಸ್‌ಸ್ಟ್ಯಾಂಡಿನ ಹಿಂದಿನ ಒಬ್ಬ ದರ್ಜಿಯ ಹತ್ತಿರ ಹೊಲಿಸಿ ಕೊಟ್ಟೆ. ಎಂಟು ವರ್ಷ ಹಾಗೆಯೇ ನಡೆಯಿತು. ಅಮ್ಮನವರು ನನ್ನ ಅಕ್ಕನ ಕೈಕೆಲಸವನ್ನು ನೆಂಟರಿಗೆಲ್ಲ ತೋರಿಸಿ ಹೊಗಳುತ್ತಿದ್ದರು. ಕುತ್ತಿಗೆಯ ಕಟ್ಟಿಂಗ್ ಎಲ್ಲಿ ಕಲಿತಳಂತೆ ಎಂದು ಕೇಳುತ್ತಿದ್ದರು.

ಈಗ ಆ ತಂಪು ಕೋಣೆಗೆ ಬರುತ್ತೇನೆ. ಪೇಟೆಯ ಮೀನು ಮಾರುಕಟ್ಟೆಯನ್ನು ಹೊಸದಾಗಿ ಕಟ್ಟುವುದೆಂದು ತೀರ್ಮಾನವಾಗಿತ್ತು. ನಕ್ಷೆ ಮಾಡುವ ಎಂಜಿನಿಯರ್ ಉತ್ತರದ ಕಡೆಯವನು, ಚಿಕ್ಕ ಪ್ರಾಯ, ಮೀನು ಮುಟ್ಟದವನು. ಸಭೆಯಲ್ಲಿ ಆರು ಮಂದಿ. ಎಲ್ಲರ ಮುಂದೆ ಹೆಸರಿನ ಚೀಟಿ. ಕೊನೆಯ ಕುರ್ಚಿಯ ಮುಂದೆ "ಸಾಮಾನ್ಯ ಜನ" ಎಂದು ಬರೆದ ಚೀಟಿ. ಅದು ನನ್ನದು. ಚಹಾ ಬಂತು, ಗೋಡಂಬಿ ಬಂತು. ನನಗೆ ಎಲ್ಲರಿಗಿಂತ ಮೊದಲು ಕೊಟ್ಟರು.

ಅಧ್ಯಕ್ಷರು ನನ್ನ ಕಡೆ ತಿರುಗಿ ನಿಧಾನವಾಗಿ ಕೇಳಿದರು. ಅವರ ಧ್ವನಿ ನನಗೆ ಈಗಲೂ ನೆನಪಿದೆ, ಅದರಲ್ಲಿ ನಾಟಕ ಇರಲಿಲ್ಲ.

"ನೋಡು, ಅವರು ನೆಲದಲ್ಲಿ ಕೂತು ಮಾರುವುದನ್ನು ನಾನು ಕಾರಿನಿಂದ ನೋಡಿದ್ದೇನೆ. ನಾವು ನಿಂತು, ಅವರು ನಮ್ಮ ಕಾಲ ಹತ್ತಿರ. ಅದು ಅವರಿಗೆ ಅವಮಾನ ಅನಿಸುವುದಿಲ್ವಾ? ನೀನು ಸರಿಯಾಗಿ ಹೇಳು. ನಾವು ಹೇಳಿದ್ದನ್ನು ಹೇಳಬೇಡ."

ನನಗೆ ಉತ್ತರ ಗೊತ್ತಿತ್ತು. ಕತ್ತಿಯನ್ನು ಕಾಲಿನಲ್ಲಿ ಹಿಡಿಯಬೇಕು, ಕೂರದೆ ಆಗುವುದಿಲ್ಲ ಎಂದು ಒಂದು ಮಾತು ಸಾಕಿತ್ತು. ಆದರೆ ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ? ಅದಕ್ಕಿಂತಲೂ ನಿಜವಾದ ಕಾರಣ ಬೇರೆ. ಅವಮಾನ ಎಂಬ ಮಾತು ಕೇಳಿದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ಗಿರಾಕಿಗಳ ಚಪ್ಪಲಿಗಳ ನಡುವೆ ಕುಳಿತ ಅಕ್ಕ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಾನು ಕಾರನ್ನು ಸ್ವಲ್ಪ ಜೋರಾಗಿ ಬಿಡುತ್ತಿದ್ದೆ. ಅವಮಾನ ಅವಳಿಗೆ ಇತ್ತೋ ಇಲ್ಲವೋ, ನನಗೆ ಇತ್ತು.

"ಅವಮಾನವೇ ಸರ್" ಎಂದೆ. "ನಿಂತು ಮಾರಿದರೆ ಮರ್ಯಾದೆ."

ಅಧ್ಯಕ್ಷರ ಕಣ್ಣು ಒದ್ದೆಯಾಯಿತು. "ಬರೆದುಕೊಳ್ಳಿ" ಎಂದರು. ಎಂಜಿನಿಯರ್, ನಿಂತು ಕೆಲಸ ಮಾಡುವ ಕಟ್ಟೆ ಎಂದರೆ ಮೊಣಕೈಯ ಎತ್ತರ ಬೇಕು, ಯಾರ ಮೊಣಕೈ ಎಂದು ಕೇಳಿದ. ಎಲ್ಲರೂ ನನ್ನನ್ನು ನೋಡಿದರು. ನಾನು ನಮ್ಮ ಊರಿನಲ್ಲಿಯೇ ಉದ್ದದವನು. ಅಕ್ಕ ನನ್ನ ಎದೆಗೆ ಬರುತ್ತಾಳೆ.

ಕಲ್ಲು ಆರಿಸಲು ಕಾರ್ಕಳಕ್ಕೆ ಹೋದೆವು. ಅಲ್ಲಿಯ ಒಬ್ಬ ಶಿಲ್ಪಿಯ ಅಂಗಳದಲ್ಲಿ ಕಪ್ಪು ಕಲ್ಲಿನ ಚಪ್ಪಡಿಗಳನ್ನು ಒರಗಿಸಿಟ್ಟಿದ್ದರು. ಅಧ್ಯಕ್ಷರು ಎಲ್ಲಕ್ಕಿಂತ ಒಳ್ಳೆಯದನ್ನು ತೋರಿಸಿ ಇದೇ ಬೇಕು ಎಂದರು. ಶಿಲ್ಪಿ, "ಇದು ಪೀಠಕ್ಕೆ ಅಂತ ಇಟ್ಟದ್ದು. ಯಾವ ದೇವರಿಗೆ?" ಎಂದು ಕೇಳಿದ.

"ಬೂತಾಯಿ ಮೀನಿಗೆ, ಬಂಗುಡೆಗೆ" ಎಂದರು ಅಧ್ಯಕ್ಷರು.

ಶಿಲ್ಪಿ ಕಲ್ಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಆಮೇಲೆ, "ಆಯ್ತು, ಅದೂ ಒಂದು ಸೇವೆ" ಎಂದ.

ಆ ಆದಿತ್ಯವಾರ ಎರ್ಮಾಳಿಗೆ ಹೋದೆ. ಅಕ್ಕ ನಂಗ್ ಮೀನಿನ ಸಾರು ಮಾಡಿದ್ದಳು. ನಮ್ಮ ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಡಿಸುತ್ತಾ ಅವಳು, "ಮಗಾ, ಹೊಸ ಮಾರ್ಕೆಟ್ ಆಗ್ತದಂತೆ. ನಿನ್ನ ಸಾಹೇಬರೇ ಅಂತೆ ಮಾಡಿಸುವುದು. ನಿನಗೆ ಎಂತಾದರೂ ಗೊತ್ತುಂಟಾ?" ಎಂದು ಕೇಳಿದಳು.

"ಇಲ್ಲ. ನನಗೆ ಎಂತ ಗೊತ್ತು, ನಾನು ಡ್ರೈವರ್."

"ಕೂರ್ಲಿಕ್ಕೆ ಜಾಗ ಸ್ವಲ್ಪ ಅಗಲ ಮಾಡಿದ್ರೆ ಸಾಕಿತ್ತು. ಕಾಲು ನೀಡ್ಲಿಕ್ಕೆ. ನೀನು ಒಂದು ಮಾತು ಹೇಳಬಹುದು ಅಲ್ವಾ?"

"ನಮ್ಮ ಮಾತು ಅಲ್ಲಿ ಯಾರು ಕೇಳ್ತಾರೆ ಅಕ್ಕ" ಎಂದೆ. ಎರಡು ವಾರದ ಹಿಂದೆ ಇಡೀ ಸಭೆ ನನ್ನ ಮಾತು ಕೇಳಿ ಬರೆದುಕೊಂಡಿತ್ತು. ಅವಳು ನನ್ನ ಬಟ್ಟಲಿಗೆ ಇನ್ನೊಂದು ತುಂಡು ಹಾಕಿದಳು.

ಮಳೆಗಾಲ ಕಳೆದು ಮಾರುಕಟ್ಟೆ ತೆರೆಯಿತು. ರಿಬ್ಬನ್ ಇತ್ತು, ಬ್ಯಾಂಡ್ ಇತ್ತು. ಹೆಂಗಸರಿಗೆ ಮೊದಲೇ ಚೀಟಿ ಎತ್ತಿ ಜಾಗ ಹಂಚಿದ್ದರು. ಅಧ್ಯಕ್ಷರು ರಿಬ್ಬನ್ ಕತ್ತರಿಸಿ ಒಳಗೆ ಕಾಲಿಟ್ಟವರು ಅಲ್ಲಿಯೇ ನಿಂತರು. ಅವರ ಹಿಂದೆ ಇದ್ದ ನಾನೂ ನಿಂತೆ.

ಹದಿನಾರು ಮಂದಿಯೂ ಕಟ್ಟೆಯ ಮೇಲೆ ಹತ್ತಿ ಕುಳಿತಿದ್ದರು. ಹೊಳೆಯುವ ಕಪ್ಪು ಕಲ್ಲು, ಅದರ ಮೇಲೆ ಸಾಲಾಗಿ ಒಂದು ಕಾಲು ಮಡಚಿ ಒಂದು ಕಾಲಿನಲ್ಲಿ ಕತ್ತಿ ಮೆಟ್ಟಿಕೊಂಡ ಹೆಂಗಸರು, ತಲೆಯಲ್ಲಿ ಮಲ್ಲಿಗೆ, ಮುಂದೆ ಮೀನಿನ ರಾಶಿ. ಹತ್ತಲು ಐಸಿನ ಪೆಟ್ಟಿಗೆಗಳನ್ನು ಮೆಟ್ಟಿಲಿನ ಹಾಗೆ ಇಟ್ಟಿದ್ದರು. ಹಿಂದಿನ ಬಾಗಿಲಿನಿಂದ ಆಗಲೇ ಬಂದಿದ್ದ ಗಿರಾಕಿಗಳು ಕತ್ತು ಮೇಲೆತ್ತಿ ಬೇಡಿಕೊಳ್ಳುವವರಂತೆ ನಿಂತಿದ್ದರು. ಬಾಗಿಲ ಹತ್ತಿರ ಒಬ್ಬ ಮುದುಕ ಚಪ್ಪಲಿ ಬಿಟ್ಟು ಒಳಗೆ ಬಂದ. ಅಧ್ಯಕ್ಷರ ಕೈಗಳು ತಮ್ಮಷ್ಟಕ್ಕೆ ಮೇಲೆದ್ದು ಮುಗಿದವು. ಮುಗಿದ ಮೇಲೆ ಅವರಿಗೆ ಎಚ್ಚರವಾಯಿತು.

ಮೊದಲನೇ ಜಾಗ ಅಕ್ಕನದು. ಅವರು ಅವಳ ಮುಂದೆಯೇ ನಿಂತರು.

"ಯಾಕಮ್ಮಾ, ಮೇಲೆ ಹತ್ತಿದ್ದು?"

"ಮತ್ತೆ ಎಂತ ಮಾಡುವುದು ಸರ್? ಕತ್ತಿ ಹಿಡಿಯುವುದು ಕಾಲಿನಲ್ಲಿ. ನಿಂತರೆ ಕತ್ತಿ ಯಾರು ಹಿಡಿಯುವುದು? ನಿಮ್ಮ ಡ್ರೈವರಾ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅವರಿಗೆಲ್ಲ ನಾನು ಯಾರೆಂದು ಗೊತ್ತು. ಅರ್ಧದಷ್ಟು ಮಂದಿ ನನ್ನನ್ನು ಎತ್ತಿ ಆಡಿಸಿದವರು. ಆದರೆ ಅಕ್ಕ ನನ್ನನ್ನು ಡ್ರೈವರ್ ಎಂದ ಕೂಡಲೇ ಅವರಿಗೆ ಏನೋ ತಿಳಿಯಿತು. ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಇವರು ಹೇಳುವುದು ಸರಿಯಾ? ನೀನು ಬೇರೆ ಹೇಳಿದ್ದಿ."

ನಾನು ಆಗ ಕಟ್ಟೆಗೆ ಮೊಣಕೈ ಊರಿ ನಿಂತಿದ್ದೆ. ಆ ಇಡೀ ಮಾರುಕಟ್ಟೆಯಲ್ಲಿ ಆ ಕಟ್ಟೆ ಸರಿಯಾಗಿ ಹೊಂದಿದ್ದು ನನಗೆ ಮಾತ್ರ. ಕೈ ತೆಗೆದೆ.

"ಹೊಸತಲ್ವಾ ಸರ್" ಎಂದೆ. "ಸ್ವಲ್ಪ ದಿನ ಕಳೆದರೆ ನಿಂತು ಅಭ್ಯಾಸ ಆಗ್ತದೆ."

ಅಕ್ಕ ಕೈಯಲ್ಲಿದ್ದ ಬಂಗುಡೆಯನ್ನು ನೋಡುತ್ತಾ, "ಡ್ರೈವರು ಹೇಳಿದ ಮೇಲೆ ಆಗಬೇಕಲ್ಲ" ಎಂದಳು.

ಮುಂದಿನ ತಿಂಗಳು ನೋಟಿಸು ಅಂಟಿಸಿದರು. ಕಟ್ಟೆಯ ಮೇಲೆ ಕುಳಿತುಕೊಳ್ಳುವುದು ಸ್ವಚ್ಛತೆಗೆ ವಿರುದ್ಧ, ಮೂರು ಸಲ ಕಂಡರೆ ಜಾಗ ರದ್ದು. ಹದಿಮೂರು ಮಂದಿ ಹೇಗೋ ನಿಂತರು. ಕೆಲವರು ಐಸಿನ ಪೆಟ್ಟಿಗೆಯ ಮೇಲೆ ನಿಂತರು. ಮೀನು ಕೊಯ್ಯುವುದನ್ನು ಮಾತ್ರ ನಿಲ್ಲಿಸಿದರು. ಅಕ್ಕ ಮತ್ತು ಅವಳಿಗಿಂತ ಹಿರಿಯರಾದ ಇಬ್ಬರಿಗೆ ನಿಲ್ಲಲು ಆಗಲಿಲ್ಲ. ಅಕ್ಕ ನಾಲ್ಕು ದಿನ ಪ್ರಯತ್ನ ಮಾಡಿದಳಂತೆ. ಐದನೇ ದಿನ ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತೆಂದು ಪಕ್ಕದ ಮನೆಯವರು ಫೋನಿನಲ್ಲಿ ಹೇಳಿದರು. ಮೂವರ ಜಾಗವೂ ಹೋಯಿತು. ಅಕ್ಕನ ಜಾಗದಲ್ಲಿ ಒಬ್ಬ ಕೋಳಿಯ ಫ್ರೀಜರ್ ಇಟ್ಟ. ಫ್ರೀಜರಿಗೆ ನಿಲ್ಲುವುದು ಕಷ್ಟವಲ್ಲ.

ಆದರೆ ಜನರಿಗೆ ಕೊಯ್ದ ಮೀನು ಬೇಕು. ಅಕ್ಕ ಮೆಟ್ಟುಕತ್ತಿ ಹಿಡಿದುಕೊಂಡು ಮಾರುಕಟ್ಟೆಯ ಹೊರಗೆ, ಚರಂಡಿಯ ಪಕ್ಕದ ಬಾದಾಮಿ ಮರದ ಕೆಳಗೆ ನೆಲದ ಮೇಲೆ ಕುಳಿತಳು. ಒಳಗೆ ನಿಂತವರಿಂದ ಮೀನು ಕೊಂಡ ಜನ ಹೊರಗೆ ಕುಳಿತವಳ ಹತ್ತಿರ ಸಾಲು ನಿಂತರು. ಮೂವತ್ತು ವರ್ಷ ಮೀನು ಮಾರಿದವಳು ಬೇರೆಯವರ ಮೀನಿನ ಹೊಟ್ಟೆ ತೆಗೆಯುವವಳಾದಳು. ಹಿಂದೆ ಟಾರ್ಪಾಲಿನ ನೆರಳಾದರೂ ಇತ್ತು.

ಒಂದು ಬೆಳಿಗ್ಗೆ ಕಾರ್ಕಳದಿಂದ ಮರಳುವಾಗ ಅಧ್ಯಕ್ಷರು ಅವಳನ್ನು ಕಾರಿನಿಂದ ಕಂಡರು. "ನಿಲ್ಲಿಸು" ಎಂದರು. "ಅಷ್ಟು ಒಳ್ಳೆಯ ಕಟ್ಟೆ ಕಟ್ಟಿಸಿದ್ದೇವೆ, ಇವರು ಇನ್ನೂ ನೆಲದಲ್ಲಿಯೇ ಯಾಕೆ? ನನಗೆ ನಿಜವಾಗಿಯೂ ಅರ್ಥ ಆಗುವುದಿಲ್ಲ. ನಾನು ಹೋದರೆ ಹೆದರಿ ಏನೋ ಹೇಳ್ತಾರೆ. ನೀನು ಹೋಗಿ ಕೇಳು. ಸಾಮಾನ್ಯ ಜನರ ಹಾಗೆ ಕೇಳು."

ಇಳಿದು ಹೋದೆ. ಅಕ್ಕ ತಲೆ ಎತ್ತದೆ, "ಎಂತ ಕೇಳ್ಲಿಕ್ಕೆ ಕಳಿಸಿದ್ರು?" ಎಂದಳು.

"ಯಾಕೆ ನೆಲದಲ್ಲಿ ಕೂತದ್ದು ಅಂತ."

"ನೀನು ಎಂತ ಹೇಳ್ತಿ?"

"ನಿಂತು ಮಾರಿದರೆ ಮರ್ಯಾದೆ ಅಂತ ಹೇಳಿಕೊಟ್ಟದ್ದು ನಾನೇ ಅಕ್ಕ" ಎಂದೆ, ಬಹಳ ಸಣ್ಣ ಸ್ವರದಲ್ಲಿ.

"ಅದು ಗೊತ್ತುಂಟು. ಶಾಲೆ ಬಿಟ್ಟವನು ಯಾಕೆ ಬಿಟ್ಟ ಅಂತ ನನಗೆ ಗೊತ್ತಿಲ್ವಾ?" ಅವಳು ಕೈಗೆ ನೀರು ಹಾಕಿಕೊಂಡಳು. "ಅವರು ಕೇಳಿದ್ದಾರಲ್ಲ, ಹೋಗಿ ಹೇಳು. ಬಿಸಿಲಿಗೆ ಕಾರು ನಿಲ್ಲಿಸಬೇಡ, ಅವರಿಗೆ ಆಗ್ಲಿಕ್ಕಿಲ್ಲ."

ಕಾರಿಗೆ ಬಂದು ಸ್ಟಿಯರಿಂಗ್ ಹಿಡಿದುಕೊಂಡೇ, ಹಿಂದೆ ತಿರುಗದೆ ಹೇಳಿದೆ. ಅವಳು ನನ್ನ ಅಕ್ಕ. ಕತ್ತಿ ಕಾಲಿನಲ್ಲಿ ಹಿಡಿಯುವುದು ನಿಜ. ನಾನು ಆ ದಿನ ಹೇಳಿದ್ದು ಅವಳ ಮಾತಲ್ಲ, ನನ್ನ ನಾಚಿಕೆ. ನಾನು ಎಂಟು ವರ್ಷದಿಂದ ನಿಮ್ಮ ಮನೆಯ ದೋಸೆ ತಿನ್ನುತ್ತಿದ್ದೇನೆ, ನನಗೆ ಸಾಮಾನ್ಯ ಜನರ ವಿಷಯ ಏನೂ ಗೊತ್ತಿಲ್ಲ.

ಕಾರು ಬಿಟ್ಟೆ. ಕಾಪು ದಾಟಿತು, ಕಟಪಾಡಿ ದಾಟಿತು. ಕೆಲಸ ಹೋಯಿತೆಂದು ನಾನು ಮನಸ್ಸಿನಲ್ಲಿಯೇ ಕೋಣೆ ಖಾಲಿ ಮಾಡುತ್ತಿದ್ದೆ. ಉಡುಪಿ ಹತ್ತಿರ ಬಂದಾಗ ಅವರು ಬಾಯಿ ತೆರೆದರು.

"ಹಾಗಾದ್ರೆ ಆ ರವಿಕೆಗಳನ್ನೆಲ್ಲ ಹೊಲಿದದ್ದು ಯಾರು?"

ಶ್ರೀಮಂತ ಅಧಿಕಾರಸ್ಥರಿಗೆ ನಮ್ಮ ಬದುಕು ಅರ್ಥವಾಗುತ್ತದೆಯೇ ಎಂದು ಜನ ಚಹಾದಂಗಡಿಯಲ್ಲಿ ಮಾತಾಡುವುದನ್ನು ಕೇಳುತ್ತೇನೆ. ಎಲ್ಲರೂ ಇಲ್ಲ ಎನ್ನುತ್ತಾರೆ. ಆದರೆ ಅಧ್ಯಕ್ಷರಿಗೆ ಒಂದು ಬದುಕು ಚೆನ್ನಾಗಿಯೇ ಅರ್ಥವಾಗಿತ್ತು, ನನ್ನದು. ಅಕ್ಕ ನೆಲದಲ್ಲಿ ಕೂರುವುದನ್ನು ಕಂಡರೆ ನನಗೆ ಆಗುತ್ತಿದ್ದ ಸಂಕಟ ಅವರಿಗೂ ಹಾಗೆಯೇ ಆಗಿತ್ತು. ನಾವಿಬ್ಬರೂ ಸೇರಿ ಆ ಸಂಕಟಕ್ಕೆ ಕಲ್ಲು ಹಾಸಿದೆವು. ಅವರ ತಪ್ಪು, ತಮ್ಮ ಊಟ ಉಣ್ಣುವವನೊಬ್ಬನನ್ನೇ ಕೇಳಿದ್ದು. ನನ್ನದು ಅದಕ್ಕಿಂತ ದೊಡ್ಡದು.

ಮರುದಿನ ಅವರು ಎಂಜಿನಿಯರನ್ನು ಕರೆದುಕೊಂಡು ಅಕ್ಕನ ಹತ್ತಿರ ಹೋದರು. ಅವರಿಗೆ ನೆಲದಲ್ಲಿ ಕೂರಲು ಬರುವುದಿಲ್ಲ, ಅವರ ಮೊಣಕಾಲೂ ಸರಿಯಿಲ್ಲ. ಅಕ್ಕ ಒಂದು ಮೀನಿನ ಪೆಟ್ಟಿಗೆ ಕವುಚಿ ಹಾಕಿ, "ಕೂತ್ಕೊಳ್ಳಿ" ಎಂದಳು. ಬಿಳಿ ಪಂಚೆಯಲ್ಲಿ ಕುಳಿತವರು ಕೂಡಲೇ, "ಇದು ಒದ್ದೆ ಉಂಟಲ್ಲ" ಎಂದರು. "ಹೌದು, ಯಾವಾಗಲೂ ಒದ್ದೆಯೇ" ಎಂದಳು ಅಕ್ಕ. ಅರ್ಧ ಗಂಟೆ ಹಾಗೆಯೇ ಕುಳಿತರು. ನನ್ನ ಎಲ್ಲ ಉತ್ತರಗಳಿಗಿಂತ ಹೆಚ್ಚು ಅವರಿಗೆ ಆ ಪೆಟ್ಟಿಗೆಯಿಂದ ತಿಳಿದಿರಬೇಕು.

ಕೋಳಿಯವನನ್ನು ತೆಗೆಸಿ ಅಕ್ಕನ ಜಾಗ ಅಕ್ಕನಿಗೇ ಕೊಡಿಸುತ್ತೇನೆ ಎಂದರು, "ನೀವು ನಮ್ಮವನ ಅಕ್ಕ ಅಲ್ವಾ."

"ಅವನ ಅಕ್ಕ ಅಂತ ಬೇಡ" ಎಂದಳು. "ಮೂರು ಮಂದಿ ಹೊರಗೆ ಬಿದ್ದವರಿದ್ದೇವೆ. ಕೊಡುವುದಾದ್ರೆ ಮೂವರಿಗೂ ಕೊಡಿ. ಮತ್ತೆ, ಜಾಗ ಕೊಟ್ಟರೂ ನಿಲ್ಲಲಿಕ್ಕೆ ಆಗಬೇಕಲ್ಲ?"

ಕಟ್ಟೆ ಒಡೆಯಲು ಆಗುವುದಿಲ್ಲ, ಹೊಸ ಕಟ್ಟಡ, ಮೇಲಿನವರು ಕೇಳುತ್ತಾರೆ ಎಂದ ಎಂಜಿನಿಯರ್. ಆದರೆ ಹೆಂಗಸರ ಕಡೆಯ ನೆಲವನ್ನೇ ಕಟ್ಟೆಯ ಎತ್ತರಕ್ಕೆ ಏರಿಸಿದರೆ ಅವರು ನೆಲದಲ್ಲಿಯೇ ಕುಳಿತ ಹಾಗೆ ಆಗುತ್ತದೆ ಎಂದ. ಹಾಗೆ ಮಾಡಿದರೆ ಅವರ ತಲೆ ಫ್ಯಾನಿಗೆ ತಾಗುತ್ತದೋ ಎಂದು ನೋಡಬೇಕು. ಟೇಪು ತೆಗೆದು ಅಕ್ಕನ ಹತ್ತಿರ ಬಂದ. ಅಕ್ಕ ಅವನನ್ನು ಒಳಗೆ ಕಳುಹಿಸಿದಳು. "ನನ್ನೊಬ್ಬಳನ್ನು ಅಳೆದು ಎಂತ ಮಾಡ್ತಿ ಮಗಾ? ಒಳಗೆ ಹದಿಮೂರು ಮಂದಿ ಇದ್ದಾರೆ. ಎಲ್ಲರನ್ನೂ ಕೂರಿಸಿ ಅಳೆ. ಎಲ್ಲರನ್ನೂ ಕೇಳು." ಅವನು ಅಳೆದ. ಈಗ ಅದು ಕಡತದಲ್ಲಿದೆ. ಬರುವ ಮಳೆಗಾಲದ ಒಳಗೆ ಆಗುತ್ತದೆ ಎನ್ನುತ್ತಾರೆ. ಅಕ್ಕ ಬಾದಾಮಿ ಮರದ ಕೆಳಗೇ ಇದ್ದಾಳೆ.

ನನ್ನ ಕೆಲಸ ಹೋಗಲಿಲ್ಲ. ಸಾಮಾನ್ಯ ಜನದ ಹುದ್ದೆ ಮಾತ್ರ ಹೋಯಿತು. ನಾನು ತಪ್ಪೊಪ್ಪಿಕೊಂಡೆ, ಇನ್ನು ಹಗುರ ಎಂದುಕೊಂಡಿದ್ದೆ. ಆದಿತ್ಯವಾರಗಳಲ್ಲಿ ಪೇಟೆಗೆ ಹೋಗಿ ಅಕ್ಕನ ಪಕ್ಕದಲ್ಲಿ ನಿಂತು ಗಿರಾಕಿಗಳ ಸಾಲು ನೋಡಿಕೊಳ್ಳುತ್ತೇನೆ, ನೀರು ತಂದುಕೊಡುತ್ತೇನೆ. ಈ ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಹೋದ ಆದಿತ್ಯವಾರ ಮಣಿಪಾಲದ ಇನ್ನೊಂದು ದೊಡ್ಡ ಮನೆಯ ಡ್ರೈವರ್ ಅಲ್ಲಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಧಣಿಯನ್ನು ಶಿರ್ವದ ಒಂದು ಮದುವೆಗೆ ಬಿಟ್ಟು, ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದ್ದನಂತೆ. ನನ್ನನ್ನು ಕಂಡು ದೂರದಿಂದಲೇ ಕೂಗಿದ.

"ಓ ಮಾರಾಯ, ನೀನು ಇಲ್ಲಿ ಎಂತ ಮಾಡ್ತಿ, ಈ ವಾಸನೆಯಲ್ಲಿ?"

ಅಕ್ಕ ನನ್ನಿಂದ ಎರಡು ಅಡಿ ದೂರದಲ್ಲಿದ್ದಳು. ನನ್ನ ಬಾಯಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ, ಯೋಚಿಸುವ ಮೊದಲೇ ಬಂತು.

"ಮೀನು ಕೊಯ್ಯಿಸಲಿಕ್ಕೆ ಬಂದದ್ದು" ಎಂದೆ.

ಅಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದುದನ್ನು ಮುಗಿಸಿ, ಕತ್ತಿಗೆ ನೀರು ಹಾಕಿ, ನನ್ನ ಕಡೆಗೆ ಕೈ ಚಾಚಿದಳು. ಬೇರೆ ಗಿರಾಕಿಗಳಿಗೆ ಚಾಚುವ ಹಾಗೆಯೇ.

"ಕೊಡಿ" ಎಂದಳು.

ನನ್ನ ಹತ್ತಿರ ಮೀನು ಇರಲಿಲ್ಲ. ಆ ಡ್ರೈವರ್ ನೋಡುತ್ತಾ ನಿಂತಿದ್ದ, ಸಾಲಿನವರೂ ನೋಡುತ್ತಿದ್ದರು. ಅವಳ ಕೈ ಹಾಗೆಯೇ ಇತ್ತು. ನಾನು ಮಾರುಕಟ್ಟೆಯ ಒಳಗೆ ಓಡಿ ಆರು ಬಂಗುಡೆ ಕೊಂಡು, ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಮುಂದೆ ನಾಲ್ಕು ಮಂದಿ ಇದ್ದರು. ಅವನು ಆಗಲೇ ಚಹಾ ಮುಗಿಸಿ ಹೋಗಿದ್ದ. ಆದರೂ ನಾನು ಸಾಲು ಬಿಡಲಿಲ್ಲ.

ನನ್ನ ಸರದಿ ಬಂತು. ಅಕ್ಕ ಮೀನು ತೆಗೆದುಕೊಂಡು, ಮೊದಲನೆಯದನ್ನು ಕತ್ತಿಗೆ ತಾಗಿಸಿ, ಮುಖ ನೋಡದೆ ಕೇಳಿದಳು:

"ಸಾರಿಗಾ, ಹುರಿಯಲಿಕ್ಕಾ?"